ಒಂದು ಕೂದಲಷ್ಟು ದಪ್ಪ

ನಮ್ಮವರ ಬೆರಳುಗಳಿಗೆ ಗೆರೆಗಳೇ ಇರಲಿಲ್ಲ. ಮೂವತ್ತೊಂದು ವರ್ಷ ಕಲ್ಲು ತೇಯ್ದು ತೇಯ್ದು ಎರಡೂ ಕೈಯ ಬೆರಳ ತುದಿಗಳು ಸವೆದ ನಾಣ್ಯದ ಹಾಗೆ ನುಣ್ಣಗಾಗಿದ್ದವು. ಪಿಂಚಣಿ ಕಚೇರಿಗೆ ಹೆಬ್ಬೆಟ್ಟು ಓದುವ ಯಂತ್ರ ಬಂದ ವರ್ಷ ಅದು ಇವರ ಬೆರಳನ್ನು ಒಪ್ಪಲೇ ಇಲ್ಲ. ಗುಮಾಸ್ತ ಹತ್ತೂ ಬೆರಳನ್ನು ಒತ್ತಿಸಿ ನೋಡಿ ಸುಸ್ತಾಗಿ, "ಏನ್ ಯಜಮಾನ್ರೇ, ನೀವು ಇದ್ದೀರೋ ಇಲ್ವೋ?" ಎಂದ. ನಾನೇ, "ಇದ್ದಾರಪ್ಪಾ, ದಿನಾ ನನ್ನ ತಲೆ ತಿನ್ನೋಕೆ ಇದ್ದಾರೆ, ಬರ್ಕೋ" ಎಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಇವರು ನಗಲಿಲ್ಲ. ಅಷ್ಟು ಹೊತ್ತಿಗೆ ಇವರು ನಗುವುದನ್ನು ಬಿಟ್ಟು ಐದು ವರ್ಷವಾಗಿತ್ತು. ಯಾಕೆ ಬಿಟ್ಟರು ಎಂಬುದನ್ನೇ ಹೇಳಬೇಕೆಂದು ಕೂತಿದ್ದೇನೆ.

ನಮ್ಮದು ಬೆಂಕಿಬೆಟ್ಟದ ಬುಡದ ಊರು. ಬೆಟ್ಟವನ್ನು ನೋಡಿಕೊಳ್ಳುವುದಕ್ಕೆಂದೇ ಅಲ್ಲೊಂದು ಕಚೇರಿ ಇತ್ತು. ಒಂದು ಕೋಣೆಯಲ್ಲಿ ನೆಲದ ನಡುಕ ಬರೆಯುವ ಸೂಜಿ, ಇನ್ನೊಂದರಲ್ಲಿ ನಕ್ಷೆಗಳು, ಎಲ್ಲಕ್ಕಿಂತ ಹಿಂದೆ, ನಲ್ಲಿಯ ಪಕ್ಕದಲ್ಲಿ, ನಮ್ಮವರ ಕೋಣೆ. ಬೆಟ್ಟ ವರ್ಷಕ್ಕೆ ನಾಲ್ಕೈದು ಸಲ ಕೆಮ್ಮುತ್ತಿತ್ತು. ಕೆಮ್ಮಿದಾಗ ಹೊರಗೆ ಬಿದ್ದ ಕಲ್ಲುಗಳನ್ನು ಆಯ್ದು, ಚೀಲಕ್ಕೆ ನಂಬರು ಹಾಕಿ ಇವರ ಮುಂದೆ ತಂದಿಡುತ್ತಿದ್ದರು. ಆ ಕಲ್ಲನ್ನು ಗರಗಸದಲ್ಲಿ ಸೀಳಿ, ಒಂದು ಮೈ ನುಣುಪು ಮಾಡಿ, ಬೆರಳುದ್ದದ ಗಾಜಿನ ಪಟ್ಟಿಗೆ ಅಂಟಿಸಿ, ಆಮೇಲೆ ತಿರುಗುವ ತಟ್ಟೆಯ ಮೇಲೆ ಸಾಣೆಪುಡಿ, ನೀರು ಹಾಕಿಕೊಂಡು ತೇಯುವುದು. ತೇಯುತ್ತಾ ತೇಯುತ್ತಾ ಕಲ್ಲು ಕೂದಲೆಳೆಗಿಂತ ತೆಳುವಾಗಬೇಕು, ಬೆಳಕು ಅದರೊಳಗಿಂದ ಹಾದು ಬರಬೇಕು. ಅದನ್ನು ಇವರು ಬಿಲ್ಲೆ ಎನ್ನುತ್ತಿದ್ದರು. ಇವರು ತೇಯ್ದ ಬಿಲ್ಲೆಯನ್ನು ಪತ್ರಿಕೆಯ ಮೇಲಿಟ್ಟರೆ ಕೆಳಗಿನ ಅಕ್ಷರ ಓದಬಹುದಿತ್ತು. ನನ್ನಂಥ ನಾಲ್ಕನೇ ಕ್ಲಾಸಿನವಳೇ ಓದಿದ್ದೇನೆ.

ತೆಳುವು ಸರಿಯಾಯಿತೋ ಇಲ್ಲವೋ ಎಂದು ನೋಡುವುದಕ್ಕೆ ಇವರ ಹತ್ತಿರ ಎರಡು ಕಪ್ಪು ಹಾಳೆಗಳಿದ್ದವು. ಒಂದರ ಮೇಲೊಂದು ಅಡ್ಡ ಹಿಡಿದರೆ ಕತ್ತಲೆ. ನಡುವೆ ಬಿಲ್ಲೆ ಇಟ್ಟರೆ ಬಣ್ಣ ಎದ್ದು ಬರುತ್ತಿತ್ತು. ಕಲ್ಲು ಇನ್ನೂ ದಪ್ಪವಿದ್ದರೆ ಅದರ ಬಿಳಿ ಹರಳುಗಳು ಹಳದಿಯಾಗಿ ಕಾಣುತ್ತಿದ್ದವು. ತೇಯ್ದ ಹಾಗೆಲ್ಲ ಹಳದಿ ಹೋಗಿ ಬೂದು ಬಣ್ಣ ಬರಬೇಕು. "ಹಳದಿ ಪೂರ್ತಿ ಹೋಗ್ಬೇಕು, ಬೂದು ಬರ್ಬೇಕು, ಅಲ್ಲೇ ಕೈ ಎತ್ಬೇಕು. ಇನ್ನೊಂದು ಸುತ್ತು ತಿರುಗಿಸಿದ್ರೆ ಕಲ್ಲೇ ಇರಲ್ಲ" ಎನ್ನುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ತೂತಿರುವ ಬಿಲ್ಲೆಯನ್ನೂ ಇವರು ಮೇಲಿನವರ ಮೇಜಿಗೆ ಕಳಿಸಲಿಲ್ಲ. ತೂತು ಬಿದ್ದರೆ ಅದನ್ನು ಆಚೆ ಹಾಕಿ, ಅದೇ ಕಲ್ಲಿನ ಗಟ್ಟಿ ಜಾಗ ನೋಡಿ ಇನ್ನೊಂದು ಸೀಳಿ ತೇಯುತ್ತಿದ್ದರು. ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ, ಮಾಡಬೇಡವೆಂದೂ ಹೇಳಿರಲಿಲ್ಲ. ಹರಕು ಅಂಗಿ ಹೊಲಿದುಕೊಟ್ಟ ದರ್ಜಿಯ ಹಾಗಾಗುತ್ತೆ ಎಂಬುದು ಇವರ ಲೆಕ್ಕ.

ಇವರ ಅಪ್ಪ ಸುಣ್ಣದ ಗೂಡಿನಲ್ಲಿ ಕೆಲಸ ಮಾಡಿದವರು. ಬಿಳಿ ಕಲ್ಲನ್ನು ಗೂಡಿಗೆ ತುಂಬಿ ಮೂರು ದಿನ ಸುಟ್ಟರೆ ಸುಣ್ಣವಾಗುತ್ತದೆ. ಸುಡುವಾಗ ಕಲ್ಲಿನೊಳಗಿಂದ ಒಂದು ಗಾಳಿ ಬರುತ್ತದೆ. ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ನಮ್ಮ ಉಸಿರಿನ ಗಾಳಿಗಿಂತ ಭಾರ, ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಗೂಡಿನ ಕೆಳಮಗ್ಗುಲಲ್ಲಿ ಯಾರೂ ಮಲಗಬಾರದೆಂದು ಮಾವನವರ ಕಟ್ಟಪ್ಪಣೆ. ಗೂಡಿನಲ್ಲೊಂದು ಕಂದು ನಾಯಿ ಇತ್ತಂತೆ. ಬೆಚ್ಚಗಿರುತ್ತೆಂದು ಹೋಗಿ ಅಲ್ಲಿ ಮಲಗಿತು, ಏಳಲಿಲ್ಲ. ಇವರ ತಂಗಿ ಆಗ ಆರು ವರ್ಷದವಳು. ನಾಯಿಯನ್ನು ಎಬ್ಬಿಸುತ್ತೇನೆಂದು ಓಡಿದವಳನ್ನು ಇವರು ಜಡೆ ಹಿಡಿದು ಎಳೆದರಂತೆ. "ಅಣ್ಣ ಎಳೆದ ಜಡೆ ಇವತ್ತಿಗೂ ನೋಯುತ್ತೆ ಅತ್ತಿಗೆ" ಎಂದು ದೊಡ್ಡವಳಾದ ಮೇಲೂ ತಲೆ ಸವರಿಕೊಂಡು ನನಗೆ ಚಾಡಿ ಹೇಳುತ್ತಿದ್ದಳು.

ಇವರು ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದರು, ಆಮೇಲೆ ಊರೆಲ್ಲ ಹಾಗೇ ಕರೆಯಿತು. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಇವರಿಗೆ ಹತ್ತೊಂಬತ್ತು, ಅವಳಿಗೆ ಎಂಟು. ಇವರೇ ತಲೆ ಬಾಚಿ, ಇವರೇ ಶಾಲೆಗೆ ಬಿಟ್ಟು ಬೆಳೆಸಿದರು. ನಾನು ಮದುವೆಯಾಗಿ ಬಂದಾಗ ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಅಣ್ಣ, ಇವರಿಗೆ ಜಡೆ ಹಾಕೋಕೆ ಬರುತ್ತಾ?" ಎಂದು ಕೇಳಿದವಳು. ಮುಂದೆ ಅವಳಿಗೂ ಮದುವೆಯಾಯಿತು. ಗಂಡ ಎರಡು ವರ್ಷ ಇದ್ದು ಹೇಳದೆ ಕೇಳದೆ ಎದ್ದು ಹೋದ. ಅವಳು ಅತ್ತದ್ದು ಒಂದು ವಾರ. ಆಮೇಲೆ ಊರಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ತಗ್ಗಿನಲ್ಲಿ ಮನೆ ಹಿಡಿದು ಬಟ್ಟೆ ಒಗೆಯುವ ಕೆಲಸ ಶುರು ಮಾಡಿದಳು. ಬೆಟ್ಟದ ತೊಡೆಯಲ್ಲಿ ಬಟ್ಟಲಿನ ಹಾಗಿದ್ದ ಜಾಗ ಅದು, ನಲವತ್ತು ಮನೆ, ನಡುವೆ ಒಂದು ಬಿಸಿನೀರಿನ ಬುಗ್ಗೆ. ಆಸ್ಪತ್ರೆಯ ಹೊದಿಕೆಗಳೆಲ್ಲ ಅವಳ ಹತ್ತಿರವೇ ಬರುತ್ತಿದ್ದವು. "ಬೆಟ್ಟ ನನಗೆ ಬಿಟ್ಟಿ ನೀರು ಕಾಯಿಸಿ ಕೊಡುತ್ತೆ ಅತ್ತಿಗೆ, ಕಟ್ಕೊಂಡವನು ಒಂದ್ ದಿನ ಒಂದ್ ಚೊಂಬು ಕಾಯಿಸಿ ಕೊಡಲಿಲ್ಲ" ಎನ್ನುತ್ತಿದ್ದಳು.

ಇನ್ನು ಕಿಟಕಿಯ ವಿಷಯ. ಒಂದು ವರ್ಷ ನೆಲ ನಡುಗಿ ನಮ್ಮ ಅಡುಗೆಮನೆಯ ಕಿಟಕಿಯ ಗಾಜು ಚೂರುಚೂರಾಯಿತು. ಹೊಸ ಗಾಜು ಹಾಕಿಸಿ ಎಂದರೆ ಇವರು ನಾಳೆ ನಾಡಿದ್ದು ಎನ್ನುತ್ತಾ ಹೋದರು. ಬೇಸತ್ತು, ಇವರ ಜೇಬಿನಲ್ಲಿ ಬರುತ್ತಿದ್ದ ತೂತು ಬಿದ್ದ ಬಿಲ್ಲೆಗಳನ್ನೇ ಇವರ ಅಂಟಿನಿಂದ ಒಂದಕ್ಕೊಂದು ಸೇರಿಸಿ, ಸಾಲಿಗೆ ಹದಿನೈದರಂತೆ ಕೆಳಗಿನಿಂದ ಚೌಕಟ್ಟಿಗೆ ಕೂರಿಸುತ್ತಾ ಬಂದೆ. ಉಳಿದ ಜಾಗಕ್ಕೆ ರಟ್ಟು. ಬಿಸಿಲು ಬಿದ್ದಾಗ ನನ್ನ ಒಲೆಯ ಮೇಲೆ ಕಂದು, ಹಸಿರು, ಜೇನಿನ ಬಣ್ಣದ ಬೆಳಕು ಬೀಳುತ್ತಿತ್ತು. ಇವರು ಸಂಜೆ ಬಂದು ಜೇಬಿನಿಂದ ಒಂದೆರಡು ತೆಗೆದು, "ತಗೋ, ನಿನ್ನ ಕಿಟಕಿಗೆ" ಎಂದು ಕೊಟ್ಟರೆ, "ಬೇರೆ ಗಂಡಂದಿರು ಏನೇನೋ ತರ್ತಾರೆ, ನನಗೆ ಬಂದಿದ್ದು ತೂತು ಕಲ್ಲು" ಎಂದು ಗೊಣಗುತ್ತಾ ತೆಗೆದುಕೊಳ್ಳುತ್ತಿದ್ದೆ. ಒಂಬತ್ತು ವರ್ಷದಲ್ಲಿ ಒಂಬತ್ತು ಸಾಲಾಯಿತು. ಕೆಳಗಿನ ಸಾಲು ತುಂಬುವುದಕ್ಕೆ ಎರಡು ವರ್ಷ ಹಿಡಿದಿತ್ತು. ಮೇಲಿನ ಮೂರು ಸಾಲು ಒಂದೇ ವರ್ಷದಲ್ಲಿ ತುಂಬಿದವು. ಬಿಲ್ಲೆಗಳು ಹೀಗೆ ಹೆಚ್ಚುತ್ತಿದ್ದಾಗ ಇವರು ಮಾತು ಕಡಿಮೆ ಮಾಡುತ್ತಾ ಬಂದರು. ಒಂದು ದಿನ ಊಟಕ್ಕೆ ಕೂತವರು ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ಏನ್ರೀ?"

"ಕೈ ಹೋಗ್ತಿದೆ ಕಣೇ. ಮೊದಲೆಲ್ಲ ಹತ್ತಕ್ಕೆ ಒಂದು ಕೆಡ್ತಿತ್ತು. ಈಗ ಐದು ತೇಯ್ದ್ರೆ ನಾಲ್ಕು ಕೆಡುತ್ತೆ. ಯಾರಿಗೂ ಹೇಳ್ಬೇಡ."

ನಾನು ಯಾರಿಗೂ ಹೇಳಲಿಲ್ಲ. ವಯಸ್ಸಾಗುತ್ತಿದೆ ಎಂದುಕೊಂಡೆ. ಕಲ್ಲಿನ ಧೂಳಿನಿಂದ ಎದೆ ಕಟ್ಟಿ ಕೆಮ್ಮು ಬೇರೆ ಹತ್ತಿತ್ತು.

ಆ ಕೆಮ್ಮಿನಿಂದಲೇ ಇವರು ಎರಡು ದಿನ ಮನೆಯಲ್ಲಿದ್ದಾಗ ಕಚೇರಿಯ ಹೊಸ ಮೇಡಂ ನೋಡಿಕೊಂಡು ಹೋಗಲು ಬಂದರು. ಇವರು ಕಳಿಸಿದ ಬಿಲ್ಲೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಅವರ ಕೆಲಸ. ನಾನು ಚಹಾಕ್ಕೆ ನೀರಿಟ್ಟೆ. ಮೇಡಂ ನನ್ನ ಹಿಂದೆಯೇ ಅಡುಗೆಮನೆಗೆ ಬಂದವರು ಕಿಟಕಿಯ ಮುಂದೆ ನಿಂತುಬಿಟ್ಟರು.

"ಇದೇನಮ್ಮಾ?"

"ಕಿಟಕಿ, ಮೇಡಂ."

ಅವರು ನಗಲಿಲ್ಲ. ಕುತ್ತಿಗೆಯಲ್ಲಿ ನೇತುಹಾಕಿಕೊಂಡಿದ್ದ ಭೂತಗಾಜು ಎತ್ತಿ ಒಂದೊಂದು ಬಿಲ್ಲೆಗೂ ಮೂಗು ತಾಗಿಸಿ ನೋಡಿದರು. ಮೂಲೆಯಲ್ಲಿ ಗೀರಿದ್ದ ನಂಬರುಗಳನ್ನು ಬಾಯಲ್ಲೇ ಓದಿಕೊಂಡರು. ಚಹಾ ಕುದಿದು ಉಕ್ಕಿತು.

"ಈ ನಂಬರಿನ ಕಲ್ಲು ನನ್ನ ಪೆಟ್ಟಿಗೆಯಲ್ಲೂ ಇದೆ. ಅಲ್ಲಿ ಬಿಳಿ ತುಂಡು ಗಟ್ಟಿಯಾಗಿದೆ, ಅಂಚು ನೀಟಾಗಿದೆ. ಇಲ್ಲಿ ನೋಡಿದ್ರೆ ಬಿಳಿ ತುಂಡಿನ ಸುತ್ತ ಬರೀ ತೂತು!"

ಇವರು ಹಾಸಿಗೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದರು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖ.

"ಅವು ಕೆಟ್ಟವು ಮೇಡಂ. ನನ್ನ ಕೈ ತಪ್ಪಿ ಹೋದವು."

"ನೂರಾ ಮೂವತ್ತು ಬಿಲ್ಲೆಯಲ್ಲೂ ಒಂದೇ ಜಾಗದಲ್ಲಿ ಕೈ ತಪ್ಪುತ್ತಾ?"

ಮೇಡಂ ಆಮೇಲೆ ನೆಲದ ಮೇಲೇ ಕೂತು ಬಿಡಿಸಿ ಹೇಳಿದರು. ನಾನು ಕೇಳಿಸಿಕೊಂಡದ್ದು ಇಷ್ಟು. ಬೆಟ್ಟದ ಕೆಳಗೆ, ಬಹಳ ಆಳದಲ್ಲಿ, ಕರಗಿದ ಕಲ್ಲಿನ ಮಡು ಇದೆ, ಅದಕ್ಕೆ ಶಿಲಾರಸ ಎನ್ನುತ್ತಾರೆ. ಅದು ಮೇಲೆ ಬರುವ ದಾರಿಯ ಗೋಡೆಗಳು ಸುಣ್ಣದ ಕಲ್ಲಿನವು. ಬೆಟ್ಟ ಕೆಮ್ಮಿದಾಗ ಆ ಗೋಡೆಯ ಚೂರುಗಳೂ ಕಲ್ಲಿನೊಳಗೆ ಸಿಕ್ಕಿಕೊಂಡು ಹೊರಗೆ ಬೀಳುತ್ತವೆ, ಬಿಲ್ಲೆಯಲ್ಲಿ ಕಾಣುವ ಬಿಳಿ ತುಂಡು ಅದೇ. ಗೋಡೆ ತನ್ನ ಪಾಡಿಗೆ ತಾನಿದ್ದರೆ ತೊಂದರೆಯಿಲ್ಲ. ಆದರೆ ಬಿಸಿ ಹೆಚ್ಚಾಗಿ, ಬಿರುಕು ಬಿಟ್ಟು, ರಸ ಗೋಡೆಯೊಳಗೆ ಹೊಕ್ಕರೆ ಅದನ್ನು ತಿನ್ನುವುದಕ್ಕೆ ಶುರು ಮಾಡುತ್ತದೆ. ಬಿಳಿ ಕಲ್ಲಿನ ಸತ್ವ ರಸಕ್ಕೆ ಸೇರಿ ರಸದ ಗುಣವೇ ಬದಲಾಗುತ್ತದೆ. ರಸದ ಸತ್ವ ಕಲ್ಲಿಗೆ ಇಳಿದು ಕಲ್ಲಿನ ಅಂಚಿನಲ್ಲಿ ಮೊದಲು ಇಲ್ಲದ ಹೊಸ ಹರಳುಗಳು ಹುಟ್ಟುತ್ತವೆ. ಆ ಅಂಚು ಗುಳ್ಳೆಗುಳ್ಳೆಯಾಗಿ, ಪುಡಿಪುಡಿಯಾಗಿ ಇರುತ್ತದೆ.

"ಆ ಪುಡಿ ಅಂಚು ನಿಮ್ಮ ತಟ್ಟೆಯಲ್ಲಿ ನೀರಿನ ಜೊತೆ ತೊಳ್ಕೊಂಡು ಹೋಗಿದೆ. ಉಳಿದಿದ್ದು ತೂತು. ತೂತಿದೆ ಅಂತ ನೀವು ಆಚೆ ಹಾಕಿದ್ರಿ, ಅಂಚು ಕೆಡದೇ ಇರೋ ಜಾಗ ಹುಡುಕಿ ನಮಗೆ ಕೊಟ್ರಿ. ನಾವು ಒಂಬತ್ತು ವರ್ಷದಿಂದ, ಗೋಡೆ ಗಟ್ಟಿಯಾಗಿದೆ, ಬೆಟ್ಟ ಚೆನ್ನಾಗಿದೆ ಅಂತ ಬರೀತಿದ್ದೀವಿ."

"ಹಾಗಾದ್ರೆ" ಎಂದು ಇವರು ನಿಧಾನವಾಗಿ ಕೇಳಿದರು, "ನನ್ನ ಕೈ ಕೆಟ್ಟಿಲ್ವಾ?"

"ಇಲ್ಲ. ಬೆಟ್ಟ ಕೆಟ್ಟಿದೆ."

ಇವರ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂತು. ಅದನ್ನು ನಾನು ನೋಡಿದೆ, ಸುಳ್ಳು ಹೇಳುವುದಿಲ್ಲ. ಎರಡು ವರ್ಷ ಕೈ ಹೋಯಿತೆಂದು ಒಳಗೊಳಗೇ ಸಾಯುತ್ತಿದ್ದ ಮನುಷ್ಯ. ಆಮೇಲೆ ಆ ಬೆಳಕು ಆರಿತು. ಏಕೆಂದರೆ ಮೇಡಂ ಹೇಳುವ ಮೊದಲೇ ಇವರಿಗೆ ಮುಂದಿನದು ಗೊತ್ತಾಗಿತ್ತು.

"ಬಿಳಿ ಕಲ್ಲು ಬೆಂದ್ರೆ ಗಾಳಿ ಬಿಡುತ್ತೆ" ಎಂದರು. "ಸುಣ್ಣದ ಗೂಡಿನ ಗಾಳಿ."

"ಹೌದು. ಒಳಗೆ ಸಿಕ್ಕಿಹಾಕ್ಕೊಂಡ್ರೆ ಬೆಟ್ಟ ಸಿಡಿಯುತ್ತೆ. ಬಿರುಕಿನಲ್ಲಿ ಸೋರಿದ್ರೆ ತಗ್ಗಿಗೆ ಇಳಿಯುತ್ತೆ."

ತಗ್ಗಿನಲ್ಲಿ ಗುಬ್ಬಿ ಇದ್ದಳು.

ಮರುದಿನ ಬೆಳಿಗ್ಗೆ ಇವರೇ ಮುಖ್ಯಸ್ಥರ ಮುಂದೆ ಹೋಗಿ ನಿಂತು ಎಲ್ಲ ಒಪ್ಪಿಕೊಂಡರು. ಮುಖ್ಯಸ್ಥರು ಕೆಟ್ಟವರಲ್ಲ. ಆದರೆ ಅದಕ್ಕೆ ಮುಂಚೆ ಎರಡು ಸಲ ತಗ್ಗಿನವರನ್ನು ಎಬ್ಬಿಸಿ ಊರ ಶಾಲೆಯಲ್ಲಿ ಇಟ್ಟು, ಏನೂ ಆಗದೆ ವಾಪಸು ಕಳಿಸಿದ್ದರು. "ಮೂರನೇ ಸಲವೂ ಸುಳ್ಳಾದ್ರೆ ಇನ್ನು ಯಾರೂ ನಮ್ಮ ಮಾತು ಕೇಳಲ್ಲ" ಎಂದರಂತೆ. "ಈ ತೂತುಗಳಲ್ಲಿ ಬೆಟ್ಟ ಮಾಡಿದ್ದು ಯಾವುದು, ನೀವು ಮಾಡಿದ್ದು ಯಾವುದು? ತೂತು ತೋರಿಸಬೇಡಿ. ಆ ಅಂಚು ಇದೆ ಅಂತೀರಲ್ಲ, ಅಂಚು ತೋರಿಸಿ." ತಗ್ಗಿನಲ್ಲಿ ಗಾಳಿ ಅಳೆಯುವ ಯಂತ್ರ ಇರಲಿಲ್ಲ. ಇದ್ದೊಂದು ಬೆಟ್ಟದ ಆಚೆ ಮಗ್ಗುಲಲ್ಲಿತ್ತು, ಅದನ್ನು ಬಿಚ್ಚಿ ತರುವುದಕ್ಕೆ ಕಚೇರಿಯ ಒಂದೇ ವ್ಯಾನು ಅಂದೇ ಹೊರಟಿತು. ನಾಲ್ಕು ದಿನದ ದಾರಿ.

"ತೋರಿಸ್ತೀನಿ" ಎಂದರು ಇವರು. ಪುಡಿ ಅಂಚನ್ನು ಉಳಿಸಬೇಕಾದರೆ ತೇಯುವ ಮೊದಲೇ ಕಲ್ಲಿಗೆ ತೆಳು ಅಂಟು ಕುಡಿಸಬೇಕು. ಗಾಳಿ ತೆಗೆದ ಡಬ್ಬಿಯಲ್ಲಿ ಕಲ್ಲಿಟ್ಟು ಅಂಟು ಬಿಟ್ಟರೆ ಅದು ಗುಳ್ಳೆ ಗುಳ್ಳೆಗೂ ಇಳಿಯುತ್ತದೆ, ಎರಡು ದಿನ ಬಿಟ್ಟರೆ ಗಟ್ಟಿಯಾಗುತ್ತದೆ. ಆಮೇಲೆ ನೀರಿಲ್ಲದೆ, ಎಣ್ಣೆ ಹಾಕಿ, ಕೈಯಲ್ಲೇ ತೇಯಬೇಕು. ಒಟ್ಟು ಮೂರು ದಿನ.

ಈ ನಡುವೆ ಮೇಡಂ ತಗ್ಗಿಗೆ ಹೋಗಿ ಮನೆಮನೆಯ ಬಾಗಿಲು ತಟ್ಟಿ ಬಂದರು. ಆಜ್ಞೆ ಇಲ್ಲದೆ ಯಾರೂ ಕದಲಲಿಲ್ಲ. ಎರಡನೇ ದಿನ ಆಸ್ಪತ್ರೆಯ ಬಟ್ಟೆಗಾಡಿಯವನು ನಮ್ಮ ಬಾಗಿಲಲ್ಲಿ ಹಾರ್ನ್ ಹೊಡೆದು, "ಗುಬ್ಬಕ್ಕ ಹೇಳಿ ಕಳಿಸಿದ್ದಾರೆ. ಆಫೀಸಿನವರ ಮಾತು ನಂಬಿ ಎರಡು ಸಲ ಹೋದೆ, ಬರೋದ್ರೊಳಗೆ ನನ್ನ ಹಗ್ಗ, ಹಂಡೆ ಎಲ್ಲ ಕಳ್ಳರ ಪಾಲು. ಈ ಸಲ ಅಣ್ಣ ಬಂದು ಹೇಳ್ಲಿ, ಉಟ್ಟ ಬಟ್ಟೇಲೇ ಬರ್ತೀನಿ ಅಂದ್ರು" ಎಂದ.

ಇವರಿಗೆ ಹೇಳಿದೆ. "ಅಂಟು ಆರೋವರೆಗೆ ಬಿಟ್ಟು ಹೋಗೋಕಾಗಲ್ಲ, ಬಿಲ್ಲೆ ಮುಗಿಸಿ ಹೋಗ್ತೀನಿ" ಎಂದರು.

ಮೂರನೇ ದಿನ ನನ್ನ ಮನಸ್ಸು ತಡೆಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ನಾನೇ ಹೋದೆ. ಗುಬ್ಬಿ ಅಂಗಳದಲ್ಲಿ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದಳು. ಸುತ್ತಲೂ ಹಗ್ಗದ ಮೇಲೆ ಬಿಳಿ ಹೊದಿಕೆಗಳು. ಗಾಳಿ ಬೀಸಿದಾಗ ಅವು ಮುಖಕ್ಕೆ ಹೊಡೆಯುತ್ತಿದ್ದವು.

"ಅಣ್ಣ ಎಲ್ಲಿ?"

"ಕೆಲಸದಲ್ಲಿದ್ದಾರೆ. ನಾನು ಬಂದಿದ್ದೀನಲ್ಲ, ನಡಿ."

"ನೀವು ಬಂದ್ರೆ ಹೇಗೆ ಅತ್ತಿಗೆ? ನಿಮ್ಮ ಮಾತು ಕೇಳಿ ಬಂದೆ ಅಂದ್ರೆ ನಾಳೆ ಅಣ್ಣ, ಯಾಕೆ ಬಂದೆ ಅಂತಾನೆ. ಅವನ ಬಾಯಲ್ಲಿ ಬರ್ಲಿ. ಜಡೆ ಹಿಡ್ಕೊಂಡು ಎಳ್ಕೊಂಡ್ ಹೋಗ್ಲಿ ಬೇಕಾದ್ರೆ." ನಕ್ಕಳು. "ಅಲ್ಲದೆ ನಾಳೆ ಆಸ್ಪತ್ರೆಗೆ ನೂರಾ ಅರವತ್ತು ಹೊದಿಕೆ ಹೋಗ್ಬೇಕು. ರೋಗಿಗಳು ಏನ್ ಹೊದ್ಕೋತಾರೆ, ನಿಮ್ಮ ಬಿಲ್ಲೆನಾ?"

ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ತೋರಿಸಿ ಬೈದುಕೊಂಡಳು. "ಇದೊಂದು ಪೀಡೆ. ಮೇಜಿನ ಮೇಲಿದ್ರೆ ಕೆಂಡ ಚೆನ್ನಾಗಿರುತ್ತೆ. ಒಂದು ಗಳಿಗೆ ನೆಲಕ್ಕಿಟ್ರೆ ನೀರು ಹಾಕಿದ ಹಾಗೆ ಆರಿಹೋಗುತ್ತೆ. ಇದ್ದಿಲು ಮಾರೋನು ಮೋಸ ಮಾಡ್ತಿದ್ದಾನೆ. ಕೋಳಿಗಳಿಗೂ ಏನೋ ರೋಗ. ಬೆಳಿಗ್ಗೆ ನೋಡಿದ್ರೆ ಐದೂ ಮಲಗಿದ ಹಾಗೇ ಸತ್ತಿದ್ವು."

ನನಗೆ ತಲೆ ಭಾರವಾಯಿತು. ಎಳೆದೆ, ಬೈದೆ, ಅತ್ತೆ. ಅವಳು ಒಂದು ಒಗೆದ ಹೊದಿಕೆಯನ್ನು ನನ್ನ ಹೆಗಲಿಗೆ ಹಾಕಿ ಅದೇ ಬಸ್ಸಿಗೆ ವಾಪಸು ಹತ್ತಿಸಿದಳು.

ನಾಲ್ಕು ಗಂಟೆಗೆ ಊರು ಮುಟ್ಟಿ ನೆಟ್ಟಗೆ ಇವರ ಕೋಣೆಗೆ ಹೋದೆ. ಇವರು ಗಾಜಿನ ಹಲಗೆಯ ಮೇಲೆ ಬಾಗಿ ಬೆರಳ ತುದಿಯಲ್ಲಿ ಬಿಲ್ಲೆಯನ್ನು ಸುತ್ತುತ್ತಿದ್ದರು. ಮೇಡಂ ಪಕ್ಕದಲ್ಲಿ ನಿಂತಿದ್ದರು. ನಾನು ಕೆಂಡದ ವಿಷಯ, ಕೋಳಿಗಳ ವಿಷಯ ಹೇಳಿದೆ. ಇವರ ಕೈ ನಿಂತಿತು.

"ನೆಲಕ್ಕಿಟ್ರೆ ಆರುತ್ತಂತಾ?"

"ಹೌದು ರೀ."

ಇವರು ಎದ್ದು ಕೈ ತೊಳೆದುಕೊಂಡರು. ಬಿಲ್ಲೆಯನ್ನು ಎರಡು ಕಪ್ಪು ಹಾಳೆಗಳ ನಡುವೆ ಹಿಡಿದು ಬೆಳಕಿಗೆ ನೋಡಿದರು. ಮೇಡಮೂ ಇಸಿದುಕೊಂಡು ನೋಡಿದರು. "ಅಂಚು ಕಾಣ್ತಿದೆ! ಪೂರ್ತಿ ಉಳಿದಿದೆ. ಇಷ್ಟು ಸಾಕು. ನಾನು ಈಗಲೇ ಮುಖ್ಯಸ್ಥರಿಗೆ ತೋರಿಸ್ತೀನಿ. ನೀವು ಐದರ ಕೊನೇ ಬಸ್ ಹಿಡಿದು ತಂಗಿನ ಕರ್ಕೊಂಡ್ ಬನ್ನಿ" ಎಂದರು.

ಇವರು ಬಿಲ್ಲೆ ವಾಪಸು ತೆಗೆದುಕೊಂಡರು. "ಹಳದಿ ಇನ್ನೂ ಇದೆ ಮೇಡಂ. ಮಬ್ಬಾಗಿದೆ. ಮತ್ತೆ ಇವನ ಕೈಕೆಲಸ ಸರಿಯಿಲ್ಲ ಅಂದ್ರೆ? ಈ ಸಲ ಒಂದು ಮಾತಿಗೂ ಜಾಗ ಇರಬಾರದು. ಇನ್ನೊಂದು ಕೂದಲಷ್ಟು."

"ರೀ, ಬಸ್ಸು" ಎಂದೆ.

"ಇದಿಲ್ಲದೆ ಹೋದ್ರೆ ಗುಬ್ಬಿ ಒಬ್ಬಳು ಬರ್ತಾಳೆ. ಇದಿದ್ರೆ ನಲವತ್ತು ಮನೆ ಬರುತ್ತೆ. ಅರ್ಧ ಗಂಟೆ, ಅಷ್ಟೇ."

ಇವರು ಹೇಳಿದ್ದು ನಿಜ. ಆದರೆ ಅದಷ್ಟೇ ನಿಜವಲ್ಲವೆಂದು ನನಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಎರಡು ವರ್ಷ ಸತ್ತಿದ್ದ ಕೈ ಬದುಕಿ ಬಂದಿತ್ತು. ಅದನ್ನು ಅರ್ಧಕ್ಕೆ ಎತ್ತಲು ಇವರಿಗೆ ಆಗಲಿಲ್ಲ. ಮೇಡಂ ಮತ್ತೊಮ್ಮೆ ಹೇಳಿದರು. ನಾನೂ ಹೇಳಿದೆ. ಹಿಂದಿನಿಂದ ಹೋಗಿ ಆ ಬಿಲ್ಲೆಯನ್ನು ಕಿತ್ತುಕೊಳ್ಳಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ. ಕಿತ್ತುಕೊಳ್ಳಲಿಲ್ಲ. ಗೋಡೆಯ ಗಡಿಯಾರ ನೋಡುತ್ತಾ ನಿಂತಿದ್ದೆ.

ಬಸ್ಸು ಹೊರಟ ಶಬ್ದ ಕೋಣೆಗೇ ಕೇಳಿಸಿತು. ಐದೂವರೆಗೆ ಬಿಲ್ಲೆ ಮುಗಿಯಿತು. ಒಂದು ಚೂರೂ ಹಳದಿ ಇರಲಿಲ್ಲ. ಬೂದು ಹಿನ್ನೆಲೆಯಲ್ಲಿ ಬಿಳಿ ತುಂಡು, ಅದರ ಸುತ್ತ ದಾರದಂಥ ಹಸಿರು ಅಂಚು, ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಒಂದೂ ಒಡೆಯದೆ. ಅಂಥ ಚಂದದ ಕೆಲಸವನ್ನು ಇವರು ಅದಕ್ಕೆ ಮೊದಲು ಮಾಡಿರಲಿಲ್ಲ. ಮುಖ್ಯಸ್ಥರು ಅಷ್ಟರಲ್ಲಿ ಮನೆಗೆ ಹೋಗಿದ್ದರು. ಮೇಡಂ ಬಿಲ್ಲೆ ಹಿಡಿದುಕೊಂಡು ಅಲ್ಲಿಗೇ ಓಡಿದರು. ಬೆಳಿಗ್ಗೆ ಎಂಟಕ್ಕೆ ಗಾಡಿಗಳು ತಗ್ಗಿಗೆ ಹೋಗಬೇಕೆಂದು ಆಜ್ಞೆಯಾಯಿತು.

ನಾವಿಬ್ಬರೂ ಗಾಡಿಗಳಿಗೆ ಕಾಯದೆ ಆರೂವರೆಯ ಮೊದಲ ಬಸ್ಸು ಹತ್ತಿದೆವು. ಎಲೆ ಅಲುಗದ ಬೆಳಗು. ಇವರು ಕಿಟಕಿಯ ಕಡೆ ಕೂತು, "ಜಡೆ ಎಳ್ದೇ ಕರ್ಕೊಂಡ್ ಬರ್ತೀನಿ ಇವತ್ತು" ಎಂದರು. ತಗ್ಗಿಗೆ ಇಳಿಯುವ ಕೊನೆಯ ತಿರುವಿನಲ್ಲಿ ಬಸ್ಸು ಮುಗ್ಗರಿಸಿ ನಿಂತಿತು. ಡ್ರೈವರ್ ಮತ್ತೆ ಮತ್ತೆ ಕೀಲಿ ತಿರುಗಿಸಿದ. ಎಂಜಿನ್ನಿಗೆ ಉಸಿರು ಸಿಗಲಿಲ್ಲ. ಇಳಿದು ಮುಂದೆ ನಾಲ್ಕು ಹೆಜ್ಜೆ ಹೋದವನು ಎದೆ ಹಿಡಿದುಕೊಂಡು ವಾಪಸು ಓಡಿ ಬಂದು, "ಎಲ್ಲಾ ಮೇಲಕ್ಕೆ ಹತ್ತಿ! ಮೇಲಕ್ಕೆ!" ಎಂದು ಕೂಗಿದ.

ಮೇಲಿನ ಮನೆಗಳವರು ಆಗಲೇ ಮಕ್ಕಳನ್ನು ಎತ್ತಿಕೊಂಡು ದಿಣ್ಣೆ ಹತ್ತಿ ಬರುತ್ತಿದ್ದರು. ನಾಯಿಗಳು ಬಿದ್ದುದನ್ನು ನೋಡಿ ಓಡಿದ್ದರಂತೆ. ಕೆಳಗಿನ ನಾಲ್ಕು ಮನೆಗಳಿಂದ ಯಾರೂ ಬರಲಿಲ್ಲ. ತಿರುವಿನಿಂದ ಗುಬ್ಬಿಯ ಅಂಗಳ ಕಾಣುತ್ತಿತ್ತು. ಹೊದಿಕೆಗಳು ಹಗ್ಗದ ಮೇಲೆ ನೇರವಾಗಿ, ಗೋಡೆಯ ಹಾಗೆ ಇಳಿಬಿದ್ದಿದ್ದವು. ಒಂದೂ ಅಲ್ಲಾಡುತ್ತಿರಲಿಲ್ಲ. ಅಂಗಳದಲ್ಲಿ ಅವಳ ಬುಟ್ಟಿ ಇತ್ತು, ಬುಟ್ಟಿಯ ಪಕ್ಕ ಅವಳು. ಇವರು ಇಳಿಯುವುದಕ್ಕೆ ಹೊರಟರು. ಡ್ರೈವರ್, ಕಂಡಕ್ಟರ್, ನಾನು, ಮೂವರೂ ಸೇರಿ ಹಿಡಿದುಕೊಂಡೆವು. ಹತ್ತು ಗಂಟೆಗೆ ಗಾಳಿ ಎದ್ದಿತು. ಹೊದಿಕೆಗಳು ಅಲ್ಲಾಡಿದವು. ಆಗ ಬಿಟ್ಟೆವು.

ಆರು ಜನ ಹೋದರು. ಉಳಿದವರನ್ನೆಲ್ಲ ಅಂದೇ ಸಾಗಿಸಿದರು. ಇಪ್ಪತ್ಮೂರನೇ ದಿನ ಬೆಟ್ಟ ಸಿಡಿದು ತಗ್ಗು ಇದ್ದ ಗುರುತೂ ಉಳಿಯಲಿಲ್ಲ. ಅಲ್ಲಿ ಆಗ ಒಂದು ನರಪಿಳ್ಳೆಯೂ ಇರಲಿಲ್ಲ. ಕಚೇರಿಯವರು ಇವರಿಗೆ ಶಾಲು ಹೊದಿಸಬೇಕೆಂದಿದ್ದರು, ಇವರು ಹೋಗಲಿಲ್ಲ. ಆ ಬಿಲ್ಲೆಯನ್ನು ಬಾಗಿಲ ಹತ್ತಿರದ ಗಾಜಿನ ಪೆಟ್ಟಿಗೆಯಲ್ಲಿ ದೀಪ ಹಾಕಿ ಇಟ್ಟಿದ್ದಾರಂತೆ. ಅದನ್ನೂ ಇವರು ನೋಡಲಿಲ್ಲ. ಕೆಲಸ ಬಿಟ್ಟರು. ಅಡುಗೆಮನೆಯ ಕಿಟಕಿಗೆ ಗುಬ್ಬಿ ನನ್ನ ಹೆಗಲಿಗೆ ಹಾಕಿದ್ದ ಆ ಹೊದಿಕೆಯನ್ನು ಮೊಳೆ ಹೊಡೆದು ಕಟ್ಟಿದರು. ನಾನು ಹಗಲೂ ದೀಪ ಹಾಕಿಕೊಂಡು ಅಡುಗೆ ಮಾಡಿದೆ. ತೆಗೆಯಿರಿ ಎನ್ನಲಿಲ್ಲ.

ಎದೆಯ ಧೂಳು ಇವರನ್ನು ಏಳು ವರ್ಷ ಸತಾಯಿಸಿತು. ಕೊನೆಯ ವರ್ಷ ಹಾಸಿಗೆಯಿಂದ ಬಾಗಿಲಿಗೆ ಬರುವುದೇ ಒಂದು ಪ್ರಯಾಣವಾಗಿತ್ತು. ಒಂದು ಮಧ್ಯಾಹ್ನ ನನ್ನನ್ನು ಕರೆದು, "ಅಟ್ಟದ ಮೇಲೆ ನನ್ನ ಗಾಜಿನ ಹಲಗೆ ಇದೆ, ಇಳಿಸು. ಪೆಟ್ಟಿಗೇಲಿ ಒಂದು ಕಲ್ಲಿದೆ, ಅದನ್ನೂ ತಾ" ಎಂದರು. ಅದು ಆ ಬಿಲ್ಲೆ ತೇಯ್ದ ಕಲ್ಲಿನ ಉಳಿದ ಚೂರು, ಅಂಟು ಕುಡಿದು ಗಟ್ಟಿಯಾದದ್ದು. ಬಿಸಾಡಿರಲಿಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ. ತಾವೇ ಅದನ್ನು ಗಾಜಿಗೆ ಅಂಟಿಸಿದರು. ಹನ್ನೊಂದು ದಿನ, ದಿನಕ್ಕೆ ಒಂದಿಷ್ಟು, ದಿಂಬಿಗೆ ಒರಗಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೇಯ್ದರು. ನಾನು ಎಣ್ಣೆ ಬಿಟ್ಟುಕೊಟ್ಟೆ.

ಹನ್ನೊಂದನೇ ದಿನ ಕೈ ಎತ್ತಿದರು. ಕಪ್ಪು ಹಾಳೆಗಳ ನಡುವೆ ಬಿಲ್ಲೆ ಇಟ್ಟು ನನ್ನ ಕೈಗೆ ಕೊಟ್ಟರು.

"ಬೆಳಕಿಗೆ ಹಿಡಿ. ಹಳದಿ ಇದೆಯಾ?"

"ಇದೆ ರೀ. ಇನ್ನೂ ಇದೆ."

"ಬಿಳಿ ತುಂಡಿನ ಸುತ್ತ ಅಂಚು ಕಾಣುತ್ತಾ?"

ಮಬ್ಬಾಗಿತ್ತು. ಆದರೂ ಕಾಣುತ್ತಿತ್ತು. ಹಸಿರು ದಾರ, ಗುಳ್ಳೆಗಳು. ನಾಲ್ಕನೇ ಕ್ಲಾಸಿನ ನನ್ನ ಕಣ್ಣಿಗೇ ಕಾಣುತ್ತಿತ್ತು. ಸುಳ್ಳು ಹೇಳಲೇ ಎಂದು ಒಂದು ಗಳಿಗೆ ಯೋಚಿಸಿದೆ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಕಾಣುತ್ತೆ" ಎಂದೆ.

"ಹೂಂ. ಅವತ್ತು ನಾಲ್ಕು ಗಂಟೆಗೂ ಇಷ್ಟೇ ದಪ್ಪ ಇತ್ತು" ಎಂದು ಗೋಡೆಯ ಕಡೆ ಹೊರಳಿದರು.

ಅದರ ಮುಂದಿನ ವಾರ ಹೋದರು. ಎಲ್ಲ ಮುಗಿದು ಬಂದವರು ಹೊರಟ ಮೇಲೆ ನಾನು ಅಡುಗೆಮನೆಯ ಮೊಳೆ ಕಿತ್ತು ಹೊದಿಕೆ ಇಳಿಸಿ, ಒಗೆದು, ಮಡಿಸಿಟ್ಟೆ. ಕಿಟಕಿಯ ಒಂಬತ್ತನೇ ಸಾಲಿನ ಕೊನೆಯಲ್ಲಿ ಒಂದು ಬಿಲ್ಲೆಯಷ್ಟು ಜಾಗ ಇನ್ನೂ ರಟ್ಟಿನಲ್ಲೇ ಇತ್ತು. ರಟ್ಟು ತೆಗೆದು ಇದನ್ನು ಅಂಟಿಸಿದೆ. ಉಳಿದವುಗಳಿಗಿಂತ ಅದು ಸ್ವಲ್ಪ ಕಪ್ಪಗಿದೆ. ಬಿಸಿಲು ಬಂದಾಗ ಒಲೆಯ ಮೇಲೆ ಅದೊಂದರ ಜಾಗದಲ್ಲಿ ನೆರಳು ಬೀಳುತ್ತದೆ.